ನಾಲ್ಕು ಬೆರಳು ನೀರು

ಪರಮಪೂಜ್ಯ ತೂಬಿನ ತಾತಯ್ಯನವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ, ಪಾದಪೂಜೆಗೆಂದು ಒಂದು ಹಿತ್ತಾಳೆಯ ತಟ್ಟೆಯೂ ಇರಲಿಲ್ಲ. ಹಾಲುಗೊಂಡನಹಳ್ಳಿಯ ದೊಡ್ಡಕೆರೆಯ ಏರಿಯ ಮೇಲೆ, ತೂಬಿನ ಪಕ್ಕದ ಕಲ್ಲುಮಂಟಪದಲ್ಲಿ ಒಂದು ಕಂಬಳಿ, ಒಂದು ಮಣ್ಣಿನ ಗಡಿಗೆ, ನೆಲ ಅಗೆಯುವ ಒಂದು ಸನಿಕೆ. ಇಷ್ಟೇ ಅವರ ಸಂಸ್ಥಾನ. ಅವರು ಹುಟ್ಟಿದ್ದು ನೀರುಗಂಟಿಗಳ ಮನೆಯಲ್ಲಿ. ಕೆರೆಯ ತೂಬನ್ನು ತೆಗೆದು ಮುಚ್ಚಿ, ಕೆಳಗಿನ ಗದ್ದೆಗಳಿಗೆಲ್ಲ ಸರದಿಯಂತೆ ನೀರು ಹಂಚುವುದು ಆ ಮನೆತನದ ಕೆಲಸ. ಸುತ್ತಿನ ಹತ್ತಾರು ಹಳ್ಳಿಗಳ ಜನ ಅವರ ಪಾದಕ್ಕೆ ಬೀಳತೊಡಗಿದ ಮೇಲೂ ಅವರು ಆ ಕೆಲಸವನ್ನು ಬಿಡಲಿಲ್ಲ. ಎಂಬತ್ತು ದಾಟಿ, ಕಣ್ಣಿಗೆ ಪೊರೆ ಬಂದ ಮೇಲೂ ನೀರಿನ ದಿನ ಬಂತೆಂದರೆ ಸನಿಕೆ ಹೆಗಲಿಗೇರುತ್ತಿತ್ತು.

ನೀರುಗಂಟಿಯ ಅನ್ನಕ್ಕೆಂದು ಊರಿನವರು ಒಂದು ತುಂಡು ಗದ್ದೆ ಬಿಟ್ಟಿದ್ದರು. ಅದು ಕಾಲುವೆಯ ಕಟ್ಟಕಡೆಯಲ್ಲಿ, ತೂಬಿನಿಂದ ಎರಡು ಮೈಲಿ ದೂರದಲ್ಲಿತ್ತು. ನೀರುಗಂಟಿಯ ಗದ್ದೆ ಅಲ್ಲೇ ಇರಬೇಕು, ಎಲ್ಲರ ಗದ್ದೆಯೂ ತುಂಬಿದ ಮೇಲೆಯೇ ಅದಕ್ಕೆ ನೀರು ಹಾಯಬೇಕು ಎಂಬುದು ತಲೆತಲಾಂತರದ ಕಟ್ಟಳೆ. ನಾನು ಆ ಊರಿನ ಶಾಲೆಗೆ ಮೇಷ್ಟರಾಗಿ ಬಂದ ಹೊಸದರಲ್ಲಿ ಇದನ್ನು ಊರಿನವರ ಜಿಪುಣತನವೆಂದೇ ತಿಳಿದಿದ್ದೆ. ನೀರು ಹಂಚುವವನಿಗೇ ಕೊನೆಯ ಪಾಲೆಂದರೆ ಇದೆಂಥ ನ್ಯಾಯ ಎಂದು ಚಾವಡಿಯಲ್ಲಿ ಒಂದೆರಡು ಸಲ ವಾದ ಮಾಡಿ, ಯಾರೂ ಉತ್ತರ ಕೊಡದೆ ನಕ್ಕಿದ್ದರಿಂದ ಮುಖ ಸಣ್ಣದು ಮಾಡಿಕೊಂಡು ಬಂದಿದ್ದೂ ಉಂಟು. ನನಗೆ ಉತ್ತರ ಸಿಕ್ಕಿದ್ದು ಒಂದು ಪುಷ್ಯ ಮಾಸದ ಭಾನುವಾರ. ಆ ದಿನದ ಪ್ರಸಂಗವನ್ನೇ ಇಲ್ಲಿ ಭಕ್ತರ ಮುಂದಿಡುತ್ತಿದ್ದೇನೆ.

ಆ ಬೆಳಿಗ್ಗೆ ಮೈಸೂರಿನಿಂದ ಪ್ರೊಫೆಸರ್ ಜಯಸಿಂಹ ಎಂಬವರು ಬಂದಿಳಿದರು. ರಾಜ್ಯಶಾಸ್ತ್ರದಲ್ಲಿ ದೊಡ್ಡ ಹೆಸರು. ಹನ್ನೆರಡು ವರ್ಷ ಕೂತು ಒಂದು ಗ್ರಂಥ ಬರೆದಿದ್ದರು. ದೇಶವನ್ನಾಳಿದ ಪ್ರಧಾನಿಗಳಲ್ಲಿ ಅಧಿಕಾರವನ್ನು ಸಾರ್ಥಕವಾಗಿ ನಡೆಸಿದವರು ಯಾರು, ನಡೆಸದವರು ಯಾರು ಎಂಬುದೇ ಅದರ ವಿಷಯ. ಮಾತುಗಾರಿಕೆ, ಧೈರ್ಯ, ದೂರದೃಷ್ಟಿ, ಸಂಸತ್ತಿನ ಮೇಲಿನ ಹಿಡಿತ, ಹೊರದೇಶಗಳಲ್ಲಿ ಮನ್ನಣೆ ಎಂದು ಹತ್ತು ಬಾಬುಗಳನ್ನು ಮಾಡಿ, ಒಂದೊಂದಕ್ಕೂ ಹತ್ತತ್ತು ಅಂಕ ಇಟ್ಟಿದ್ದರು. ಅಂಕ ಕೊಡುವುದು ನನ್ನ ಕಸುಬೂ ಆದ್ದರಿಂದ ಅವರ ಮೇಲೆ ನನಗೆ ಕೂಡಲೇ ಗೌರವ ಹುಟ್ಟಿತು. ಯಾವ ಪಕ್ಷದ ಹಂಗೂ ಇಲ್ಲದ ಪ್ರಾಮಾಣಿಕರು. ತೊಂದರೆ ಇದ್ದದ್ದೂ ಅಲ್ಲೇ. ಅಪ್ರಾಮಾಣಿಕರಾಗಿದ್ದರೆ ಯಾರಾದರೂ ತಿದ್ದುತ್ತಿದ್ದರು.

ಆ ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗಿದ್ದವರಿಗೆ ನೂರಕ್ಕೆ ಹನ್ನೊಂದು ಬಂದಿತ್ತು. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಭಕ್ತರಲ್ಲಿ ಅರ್ಧ ಜನ ಈ ಪುಟವನ್ನು ಹರಿದುಹಾಕುತ್ತಾರೆ, ಉಳಿದರ್ಧ ಜನ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕುತ್ತಾರೆ. ಎರಡೂ ತಾತಯ್ಯನವರಿಗೆ ಸೇರತಕ್ಕದ್ದಲ್ಲ. ಹದಿನೆಂಟು ತಿಂಗಳು ಮಾತ್ರ ಆಳಿದವರು, ನೆನಪಿನಲ್ಲುಳಿಯುವಂಥ ಒಂದು ಭಾಷಣವನ್ನೂ ಮಾಡದವರು. ಅವರ ಅಧ್ಯಾಯಕ್ಕೆ ಪ್ರೊಫೆಸರರು ಕೊಟ್ಟ ತಲೆಬರಹ ‘ಏನೂ ನಡೆಯದ ವರ್ಷ’. ಆ ಮಹನೀಯರು ಆಗ ದೆಹಲಿಯಲ್ಲಿ ಎಂಬತ್ತೆಂಟರ ಮುಪ್ಪಿನಲ್ಲಿ ಹಾಸಿಗೆ ಹಿಡಿದಿದ್ದರು. ಗ್ರಂಥವೋ ಅಚ್ಚಿನ ಮನೆಯಲ್ಲಿತ್ತು, ವಿಶ್ವವಿದ್ಯಾಲಯಗಳಲ್ಲಿ ಪಠ್ಯವಾಗುವುದೂ ಗೊತ್ತಾಗಿತ್ತು. ಹನ್ನೊಂದು ಎಂಬ ಅಂಕಿಯೇ ಆ ಮನುಷ್ಯರ ಬಾಳಿನ ಕೊನೆಯ ಮಾತಾಗಿ ನಿಲ್ಲುವುದಿತ್ತು.

ಅಧಿಕಾರ ಹೋದ ಮೇಲೆ ಒಮ್ಮೆ ಅವರು ನಮ್ಮ ತಾತಯ್ಯನವರನ್ನು ಕಾಣಲು ಬಂದಿದ್ದರೆಂದು ಪ್ರೊಫೆಸರರಿಗೆ ಯಾರೋ ಹೇಳಿದ್ದರು. ಬಡಕಲು ಅಧ್ಯಾಯಕ್ಕೆ ಒಂದು ಪ್ರಸಂಗವಾದರೂ ಸಿಕ್ಕೀತು ಎಂಬ ಆಸೆಯಿಂದ ಬಂದಿದ್ದರೇ ಹೊರತು ಸಂತರ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ದಾರಿಯುದ್ದಕ್ಕೂ ಅದನ್ನು ನನಗೆ ಹೇಳಿಕೊಂಡೇ ಬಂದರು. ಸೋತ ರಾಜಕಾರಣಿಗಳಿಗೆ ಸ್ವಾಮಿಗಳೇ ಗತಿ ಎಂದು ನಕ್ಕರು. ನಾನೂ ಒಂದಿಷ್ಟು ನಕ್ಕೆ. ಆ ನಗೆಗಾಗಿ ಇವತ್ತಿಗೂ ನಾಚುತ್ತೇನೆ.

ತಾತಯ್ಯನವರು ಮಂಟಪದ ಮೆಟ್ಟಿಲ ಮೇಲೆ ಕೂತು ಸನಿಕೆಯ ಹಿಡಿಕೆಗೆ ಬೆಣೆ ಹೊಡೆಯುತ್ತಿದ್ದರು. ಪ್ರೊಫೆಸರರು ಕೈಮುಗಿಯದೆ, ನೋಟ್‌ಬುಕ್ ತೆರೆದುಕೊಂಡೇ ತಮ್ಮ ಗ್ರಂಥದ ವಿಚಾರವನ್ನೆಲ್ಲ ವಿವರಿಸಿ, ಆ ಮಾಜಿ ಪ್ರಧಾನಿಯವರು ನಿಮ್ಮಲ್ಲಿಗೆ ಬಂದಾಗ ಏನು ಮಾತಾಡಿದರು ಎಂದು ಕೇಳಿದರು. ಶ್ರೀಗಳು ಎಲ್ಲವನ್ನೂ ಕೇಳಿಸಿಕೊಂಡು ತಲೆಯೆತ್ತಿ ಬಿಸಿಲನ್ನು ಅಂದಾಜು ಮಾಡಿದರು.

“ಬಂದಿದ್ರು ಸ್ವಾಮಿ. ಇವತ್ತು ನೀರಿನ ದಿನ, ಮೊದಲು ಅದಾಗ್ಲಿ. ನಾನು ಕಾಲುವೆ ಕೊನೆಗೆ ಹೋಗಿ ಕೂತಿರ್ತೀನಿ. ಬಿಸಿಲು ಈ ಮೂರನೇ ಮೆಟ್ಲಿಗೆ ಬಂದಾಗ ತೂಬಿನ ಗೂಟ ನಾಕು ಬೆರಳು ಎತ್ತಿ. ಆಮೇಲೆ ಅಲ್ಲಿಗೆ ಬನ್ನಿ, ಹೇಳ್ತೀನಿ.”

ಬಂದವರಿಗೆಲ್ಲ ಏನಾದರೊಂದು ಕೆಲಸ ಹಚ್ಚುವುದು ತಾತಯ್ಯನವರ ಪದ್ಧತಿ. ಪ್ರೊಫೆಸರರು ನಕ್ಕು ಒಪ್ಪಿಕೊಂಡರು. ಶ್ರೀಗಳು ಸನಿಕೆ ಹೆಗಲಿಗಿಟ್ಟು ಕಾಲುವೆಯ ಬದುವಿನ ಮೇಲೆ ನಿಧಾನವಾಗಿ ನಡೆದುಹೋದರು.

ಆ ದಿನದ ನೀರಿಗೆ ಎಷ್ಟು ಬೆಲೆಯಿತ್ತು ಎಂಬುದನ್ನು ನಾನು ಪ್ರೊಫೆಸರರಿಗೆ ಹೇಳಬೇಕಾಗಿತ್ತು, ಹೇಳಲಿಲ್ಲ. ಆ ವರ್ಷ ಕೆರೆ ಅರ್ಧವಷ್ಟೇ ತುಂಬಿತ್ತು. ಎಂಟು ದಿನಕ್ಕೊಂದು ಹಗಲು ಮಾತ್ರ ತೂಬು ತೆಗೆಯುವುದೆಂದು ಊರು ತೀರ್ಮಾನಿಸಿತ್ತು. ಮೇಲಿನ ಗದ್ದೆಗಳವರ ನಾಟಿ ಮುಗಿದಿತ್ತು. ಕೊನೆಯಲ್ಲಿ ಉಳಿದಿದ್ದವು ಎರಡೇ ಗದ್ದೆ. ಒಂದು ಗಂಗಹನುಮಕ್ಕ ಎಂಬ ವಿಧವೆಯದು, ಅದರಾಚೆಯದು ತಾತಯ್ಯನವರದು. ಎರಡು ಗದ್ದೆಯ ಸಸಿಯೂ ಬಲಿತು ನಿಂತಿತ್ತು. ಇವತ್ತು ನೀರು ಹಾಯದಿದ್ದರೆ ಮುಂದಿನ ಸರದಿಯ ಹೊತ್ತಿಗೆ ಸಸಿ ಗೆಣ್ಣು ಕಟ್ಟಿ, ನೆಟ್ಟರೂ ತೆಂಡೆ ಒಡೆದು ಹೊಸ ಕವಲು ಬಿಡುವುದಿಲ್ಲ. ಗಂಗಹನುಮಕ್ಕನಿಗೆ ವರ್ಷದ ಕೂಳು ಆ ಒಂದೇ ಗದ್ದೆಯಿಂದ ಬರಬೇಕಾಗಿತ್ತು.

ಬಿಸಿಲು ಮೂರನೇ ಮೆಟ್ಟಿಲಿಗೆ ಬಂತು. ಪ್ರೊಫೆಸರರು ಕೋಟು ತೆಗೆದಿಟ್ಟು ಗೂಟವನ್ನು ಎರಡೂ ಕೈಯಿಂದ ಹಿಡಿದು ನಾಲ್ಕು ಬೆರಳು ಎತ್ತಿದರು. ಕೆಳಗೆ ಕಾಲುವೆಯಲ್ಲಿ ನೀರು ಸದ್ದಿಲ್ಲದೆ ಹರಿಯತೊಡಗಿತು. ಅವರಿಗೆ ಅದು ಸಾಲದೆನಿಸಿತು. ಎರಡು ಮೈಲಿ ಹೋಗುವ ನೀರು ಇಷ್ಟೇ ಇದ್ದರೆ ಹೇಗೆ ಎಂದು ನನ್ನನ್ನು ಕೇಳಿದರು. ಇನ್ನಷ್ಟು ಎತ್ತಿದರೆ ಬೇಗ ತಲುಪೀತು ಎಂದು, ಭಕ್ತರು ಕ್ಷಮಿಸಬೇಕು, ನಾನೇ ಹೇಳಿದೆ. ಅವರು ಒಂದು ಗೇಣು ಎತ್ತಿದರು.

ಆಗ ನೀರು ಬಂದ ರಭಸವೇ ರಭಸ. ತೂಬಿನ ಬಾಯಿಂದ ಬೆಳ್ಳಗೆ ನೊರೆಗಟ್ಟಿ ಧುಮುಕಿ ಕಾಲುವೆಯ ಎರಡೂ ಅಂಚಿಗೆ ಬಡಿಯಿತು. ಸದ್ದು ಕೇಳಿ ಮೇಲಿನ ಗದ್ದೆಗಳವರು ಓಡಿಬಂದರು. ಇಂಥ ನೀರನ್ನು ಹತ್ತು ವರ್ಷದಿಂದ ಕಂಡಿರಲಿಲ್ಲವೆಂದು ಒಬ್ಬರು, ತಾತಯ್ಯನವರಿಗೆ ವಯಸ್ಸಾಯಿತು ಇನ್ನು ಇಂಥವರೇ ತೂಬಿಗೆ ಬೇಕೆಂದು ಇನ್ನೊಬ್ಬರು ಹೊಗಳಿದ್ದೇ ಹೊಗಳಿದ್ದು. ಒಬ್ಬರು ಎಳನೀರು ತಂದುಕೊಟ್ಟರು. ಪ್ರೊಫೆಸರರ ಮುಖ ಅರಳಿಬಿಟ್ಟಿತು. ಕೂತು ನೋಟ್‌ಬುಕ್ಕಿನಲ್ಲಿ ಏನನ್ನೋ ಬರೆದುಕೊಂಡರು. ಮಂಟಪದ ನೆರಳಿನಲ್ಲಿ ಎರಡು ಗಂಟೆ ಹೀಗೆಯೇ ಕಳೆದುಹೋಯಿತು.

ಅನಂತರ ನಾವಿಬ್ಬರೂ ಗೆದ್ದವರ ಹಾಗೆ ಕಾಲುವೆಯ ಬದು ಹಿಡಿದು ಹೊರಟೆವು. ಮೊದಲ ಮೈಲಿಯಲ್ಲಿ ನೀರು ದಡ ಮುಟ್ಟಿ ಹರಿಯುತ್ತಿತ್ತು. ಬರಬರುತ್ತ ತಗ್ಗಿತು. ಹುಣಸೆಮರದ ತಿರುವಿಗೆ ಬಂದಾಗ ಕಾರಣ ಕಾಣಿಸಿತು. ಅಷ್ಟು ರಭಸವನ್ನು ತಡೆಯಲಾರದೆ ಬದು ಒಡೆದು, ಎತ್ತಿನಗಾಡಿ ನುಗ್ಗುವಷ್ಟು ಅಗಲದ ಕಂಡಿಯಾಗಿ, ಇಡೀ ನೀರು ಪಕ್ಕದ ಕೊರಕಲಿಗೆ ಬಿದ್ದು ಹೋಗುತ್ತಿತ್ತು. ಅಲ್ಲಿಂದ ಮುಂದೆ ಅರ್ಧ ಮೈಲಿಗೂ ಹೆಚ್ಚು ದೂರ ಕಾಲುವೆಯ ತಳ ಬಿರುಕು ಬಿಟ್ಟು ಒಣಗಿತ್ತು. ಪ್ರೊಫೆಸರರು ಆ ಒಣ ಕಾಲುವೆಯ ಪಕ್ಕದಲ್ಲೇ ನಡೆದರು.

ಕೊನೆಯಲ್ಲಿ ಹನ್ನೆರಡು ಮನೆಯ ಒಂದು ಹಟ್ಟಿ, ಒಂದು ಹೊಂಗೆಮರ. ತಾತಯ್ಯನವರು ಮರದ ಕೆಳಗೆ, ಕಾಲುವೆಯ ಒಣ ತಳದಲ್ಲಿ ಬಲ ಅಂಗೈ ಊರಿಕೊಂಡು ಕೂತಿದ್ದರು. ಪಕ್ಕದಲ್ಲಿ ಸಸಿಯ ಕಟ್ಟುಗಳಿಗೆ ಒದ್ದೆ ಗೋಣಿ ಹೊದಿಸಿಕೊಂಡು ಗಂಗಹನುಮಕ್ಕ. ನಮ್ಮನ್ನು ನೋಡಿದ ಕೂಡಲೇ ಆಕೆ ಎದ್ದು, ಹಟ್ಟಿಯಂಚಿನ ಕೈಪಂಪು ಒತ್ತಿ ಒಂದು ಚೊಂಬು ನೀರು ತಂದು ಪ್ರೊಫೆಸರರ ಕೈಗಿತ್ತಳು. ಬಿಸಿಲಲ್ಲಿ ಬಂದ ಅವರು ಅದನ್ನು ಒಂದೇ ಉಸಿರಿಗೆ ಕುಡಿದರು. ತಾನು ಮುಂಜಾನೆಯಿಂದ ಕಾದಿದ್ದ ನೀರು ಎಲ್ಲಿ ಎಂದು ಆಕೆ ಕೇಳಲಿಲ್ಲ.

“ತೂಬು ತೆಗೆದೆ. ನೀರು ಚೆನ್ನಾಗಿಯೇ ಬಂತು,” ಎಂದರು ಪ್ರೊಫೆಸರರು.

ತಾತಯ್ಯನವರು ಅಂಗೈಯನ್ನು ನೆಲದಿಂದ ತೆಗೆಯದೆ ಕೇಳಿದರು:

“ಎಲ್ಲಿಗೆ ಬಂತು ಸ್ವಾಮಿ?”

ಅದರಲ್ಲಿ ಕೋಪವಿರಲಿಲ್ಲ, ವ್ಯಂಗ್ಯವಿರಲಿಲ್ಲ. ಮಗು ಕೇಳುವಂತೆ ಕೇಳಿದರು. ಹನ್ನೆರಡು ವರ್ಷದ ಗ್ರಂಥ ಬರೆದ ಆ ವಿದ್ವಾಂಸರು ಒಂದು ಗೇಣು ಎತ್ತಿದ್ದನ್ನೂ ಬದು ಒಡೆದದ್ದನ್ನೂ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ನನ್ನ ಹೆಸರನ್ನು ಮಾತ್ರ ಎತ್ತಲಿಲ್ಲ. ನಾನೂ ಆಗ ಬಾಯಿಬಿಡಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡುವುದು ಮೇಲು.

ಶ್ರೀಗಳು ಎದ್ದು ಸನಿಕೆ ಹಿಡಿದರು. ಎಂಬತ್ತು ದಾಟಿದ ಆ ಕಾಲುಗಳು ಬಂದ ದಾರಿಯನ್ನೇ ಹಿಡಿದವು. ಎಲ್ಲರೂ ತೂಬಿನವರೆಗೆ ಹೋದೆವು. ಗೂಟವನ್ನು ಅವರೇ ಇಳಿಸಿ ನಾಲ್ಕು ಬೆರಳಿಗೆ ತಂದರು. ಮತ್ತೆ ಹುಣಸೆಮರದ ತಿರುವಿಗೆ ಬಂದು ಕಂಡಿಗೆ ಮಣ್ಣು ಕಟ್ಟಿದೆವು. ತಾತಯ್ಯನವರು ಅಗೆದುಕೊಟ್ಟರು, ಪ್ರೊಫೆಸರರು ಪ್ಯಾಂಟು ಮಡಚಿ ಕೆಸರಿಗಿಳಿದರು, ಮಣ್ಣು ಹೊರಲು ಬುಟ್ಟಿ ಸಾಲದೆ ತಮ್ಮ ಕೋಟನ್ನೇ ಹಾಸಿದರು. ಗಂಗಹನುಮಕ್ಕ ಕಲ್ಲು ಜೋಡಿಸಿದಳು. ಮಂಟಪದಲ್ಲಿ ಹೊಗಳಿದವರಲ್ಲಿ ಒಬ್ಬರೂ ಅತ್ತ ಸುಳಿಯಲಿಲ್ಲ. ಅವರ ಗದ್ದೆ ತುಂಬಿತ್ತು.

ಕಂಡಿ ಮುಚ್ಚಿ ಕಾಲುವೆಯ ಕೊನೆಗೆ ಮರಳುವ ಹೊತ್ತಿಗೆ ಬಿಸಿಲು ವಾಲಿತ್ತು. ತಾತಯ್ಯನವರು ಮೊದಲಿನ ಜಾಗದಲ್ಲೇ ಕೂತು ಅಂಗೈಯನ್ನು ಕಾಲುವೆಯ ತಳಕ್ಕೆ ಒತ್ತಿ ಕಣ್ಣು ಮುಚ್ಚಿದರು. ನಾವು ಮೂವರೂ ನಿಂತೆವು. ಎಷ್ಟು ಹೊತ್ತು ಕಳೆಯಿತೋ ತಿಳಿಯದು. ಶ್ರೀಗಳ ಮುಖದ ಮೇಲೆ ಒಂದು ಶಾಂತಿ ಮೂಡಿತು.

“ಬಂತು,” ಎಂದರು.

ಪ್ರೊಫೆಸರರು ತಿರುವಿನತ್ತ ನೋಡಿದರು, ನಾನೂ ನೋಡಿದೆ. ಒಣ ಮಣ್ಣಲ್ಲದೆ ಏನೂ ಇಲ್ಲ. ಪ್ರೊಫೆಸರರು ಕೈಗಡಿಯಾರ ನೋಡಿಕೊಂಡರು. ಆಮೇಲೆ ಲೆಕ್ಕಕ್ಕೆ ಏಳು ನಿಮಿಷ. ಏಳನೆಯ ನಿಮಿಷಕ್ಕೆ ತಿರುವಿನಲ್ಲಿ ತರಗೆಲೆ, ಹುಲ್ಲುಕಡ್ಡಿ, ನೊರೆಗಳನ್ನು ಮುಂದೆ ತಳ್ಳಿಕೊಂಡು, ಬಿರುಕುಗಳಿಗೆ ಇಳಿಯುತ್ತ, ಮತ್ತೆ ಮೇಲೆದ್ದು, ಒಂದು ಸಣ್ಣ ನೀರ ನಾಲಗೆ ನಮ್ಮ ಕಡೆಗೆ ಹರಿದು ಬಂತು. ನನ್ನ ಮೈಮೇಲಿನ ರೋಮವೆಲ್ಲ ಎದ್ದು ನಿಂತಿತು. ಇದಕ್ಕೆ ಶಾಸ್ತ್ರದಲ್ಲಿ ವಿವರಣೆ ಇದ್ದೀತು, ನೆಲದ ಅದುರು ಅನುಭವಸ್ಥರ ಕೈಗೆ ತಿಳಿಯುತ್ತದೆ ಎನ್ನಬಹುದು. ಇರಲಿ. ನಾನು ಕಂಡದ್ದನ್ನು ಕಂಡಂತೆ ಬರೆಯುತ್ತಿದ್ದೇನೆ.

ನೀರು ಗಂಗಹನುಮಕ್ಕನ ಗದ್ದೆಗೆ ಹಾಯಿತು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಟ್ಟಿಯ ಹೆಂಗಸರನ್ನು ಕೂಗಿಕೊಂಡು ನಾಟಿಗಿಳಿದಳು. ಹೊತ್ತು ಗುಡ್ಡಕ್ಕೆ ಹತ್ತಿರವಾಗುವಾಗ ಊರ ಹಿರಿಯರು ತೂಬು ಮುಚ್ಚಿಸುವುದು ಕಟ್ಟಳೆ. ಆಕೆಯ ಗದ್ದೆ ತುಂಬುವ ಹೊತ್ತಿಗೆ ಕಾಲುವೆಯ ನೀರು ಸಣ್ಣಗಾಗುತ್ತ ಬಂದು ನಿಂತೇಬಿಟ್ಟಿತು. ಆಚೆಯ ತುಂಡು ಗದ್ದೆ ಬೆಳಿಗ್ಗೆ ಹೇಗಿತ್ತೋ ಹಾಗೆಯೇ ಒಣಗಿಕೊಂಡು ಉಳಿಯಿತು. ಅದರ ಪಾಲಿನ ನೀರು ಹುಣಸೆಮರದ ಕೊರಕಲಿನಲ್ಲಿತ್ತು.

ಆ ಗದ್ದೆ ಯಾರದೆಂದು ಪ್ರೊಫೆಸರರು ಮೆಲ್ಲಗೆ ನನ್ನನ್ನು ಕೇಳಿದರು. ನಾನು ಹೇಳಿದೆ. ಬೆಳಿಗ್ಗೆ ಕೈಮುಗಿಯದಿದ್ದ ಮನುಷ್ಯ ಕೆಸರುಗಾಲಲ್ಲೇ ಓಡಿ ಹೋಗಿ ತಾತಯ್ಯನವರ ಪಾದ ಹಿಡಿದುಕೊಂಡರು. ನನ್ನಿಂದ ನಿಮ್ಮ ಅನ್ನ ಹೋಯಿತು ಎಂದು ಬಿಕ್ಕಿದರು. ಆಗ ನನಗೂ ತಡೆಯಲಾಗಲಿಲ್ಲ. ಇನ್ನಷ್ಟು ಎತ್ತಿ ಎಂದವನು ನಾನು ಎಂದು ಪಕ್ಕದಲ್ಲೇ ಬಿದ್ದೆ. ಶ್ರೀಗಳು ಇಬ್ಬರ ತಲೆಯ ಮೇಲೂ ಮಣ್ಣಿನ ಕೈ ಇಟ್ಟರು.

“ಅಳಬ್ಯಾಡಿ. ನೀರುಗಂಟಿ ಗದ್ದೇನ ನಮ್ಮ ಹಿರೀಕರು ಅದಕ್ಕೇ ಇಲ್ಲಿ ಮಡಗವ್ರೆ. ತೂಬಿನಾಗೆ ತಪ್ಪಾದ್ರೆ ಮೊದಲು ಒಣಗಾದು ಅವನದೇ ಆಗ್ಲಿ ಅಂತ.”

ಚಾವಡಿಯಲ್ಲಿ ನನಗೆ ಸಿಗದಿದ್ದ ಉತ್ತರ ಅದು. ದೇಶವನ್ನು ಆಳುವವರಿಂದ ಹಿಡಿದು ನಲವತ್ತು ಮಕ್ಕಳ ಶಾಲೆ ನಡೆಸುವವನವರೆಗೆ, ಕೈಯಲ್ಲಿ ಗೂಟ ಹಿಡಿದವರೆಲ್ಲರ ಮುಂದೆ ಆ ಒಣ ಗದ್ದೆ ಹರಡಿಕೊಂಡಂತೆ ನನಗೆ ಕಂಡಿತು.

ಕೈಕಾಲು ತೊಳೆಯಲು ಗಂಗಹನುಮಕ್ಕ ನಮ್ಮನ್ನು ಕೈಪಂಪಿನ ಹತ್ತಿರ ಕರೆದಳು. ಆಕೆ ಒತ್ತಿದಳು, ಪ್ರೊಫೆಸರರು ಬಗ್ಗಿ ಕಾಲು ತೊಳೆದುಕೊಳ್ಳುತ್ತಿದ್ದವರು ಹಾಗೆಯೇ ಕೂತುಬಿಟ್ಟರು. ಪಂಪಿನ ಸಿಮೆಂಟು ಕಟ್ಟೆ ಇನ್ನೂ ಹಸಿಯಾಗಿದ್ದಾಗ ಯಾರೋ ಕೆಲಸಗಾರ ಕಡ್ಡಿಯಿಂದ ಇಸವಿಯನ್ನು ಕೊರೆದಿದ್ದ. ಅವರು ಆ ನಾಲ್ಕು ಅಂಕಿಗಳ ಕೆಸರನ್ನು ಬೆರಳಿನಿಂದ ಒರೆಸಿ ಒರೆಸಿ ನೋಡಿದರು.

ಅವರ ಗ್ರಂಥದಲ್ಲಿ ಏನೂ ನಡೆಯದ ವರ್ಷ ಅದೇ.

ಈ ಪಂಪು ಯಾರು ಹಾಕಿಸಿದ್ದೆಂದು ಅವರು ಗಂಗಹನುಮಕ್ಕನನ್ನು ಕೇಳಿದರು.

“ಗೊತ್ತಿಲ್ಲ ಸ್ವಾಮಿ. ನಾನು ಮದುವೆಯಾಗಿ ಬಂದ ವರ್ಸ ಆಯ್ತು. ಅದಕ್ಕೂ ಮುಂಚೆ ನಮ್ಮತ್ತೆ ಕೆರೆಯಿಂದ ಎರಡು ಮೈಲಿ ಹೊರ್ತಿದ್ರಂತೆ. ನಾನು ಹೊರಲಿಲ್ಲ.”

ಪ್ರೊಫೆಸರರು ತಗ್ಗಿದ ದನಿಯಲ್ಲಿ ನನಗೆ ವಿವರಿಸಿದರು. ಆ ವರ್ಷದ ಕಡತಗಳಲ್ಲಿ ಅವರು ಎರಡೇ ಸಾಲಿನ ಒಂದು ಆದೇಶವನ್ನು ಕಂಡಿದ್ದರು. ಪ್ರತಿ ಜಿಲ್ಲೆಯಲ್ಲೂ ರಸ್ತೆ ಮುಗಿಯುವ ಕಡೆಯ ಹಟ್ಟಿಯಿಂದ ಶುರುಮಾಡಿ, ಊರ ಕಡೆಗೆ ಕೈಪಂಪು ಹಾಕುತ್ತ ಬರತಕ್ಕದ್ದು. ಊರಿನಿಂದ ಹಟ್ಟಿಯ ಕಡೆಗೆ ಹೋಗಕೂಡದು. ಕೆಳಗೆ ಪ್ರಧಾನಿಯವರ ರುಜು. ಅದನ್ನು ಅವರು ಸಣ್ಣಪುಟ್ಟ ಆದೇಶಗಳ ಕಟ್ಟಿಗೆ ಸೇರಿಸಿ ಮರೆತಿದ್ದರು. ಹತ್ತು ಬಾಬುಗಳಲ್ಲಿ ಅದಕ್ಕೆ ಅಂಕ ಕೊಡುವ ಜಾಗವೇ ಇರಲಿಲ್ಲ.

ತಾತಯ್ಯನವರು ಅಷ್ಟರಲ್ಲಿ ಹತ್ತಿರ ಬಂದು, ಬೆಳಗಿನ ಮಾತು ಈಗಷ್ಟೇ ನೆನಪಾದವರಂತೆ ಹೇಳಿದರು:

“ಕೇಳಿದ್ರಲ್ಲ, ಅವರು ಬಂದಾಗ ಏನಂದ್ರು ಅಂತ. ಏನೂ ಅನ್ನಲಿಲ್ಲ. ಇಲ್ಲೀಗಂಟ ನಡಕೊಂಡು ಬಂದ್ರು. ಈ ಪಂಪಿನ ನೀರು ಕುಡಿದ್ರು. ಹಿಡಿ ಸಡಿಲ ಆಗೈತೆ, ಸರಿ ಮಾಡಿಸ್ಬೇಕು ಅಂದ್ರು. ಒಂದು ವಾರಕ್ಕೆ ಯಾರೋ ಬಂದು ಬಿಗಿ ಮಾಡಿ ಹೋದ್ರು.”

“ಇದನ್ನು ತಾವೇ ಹಾಕಿಸಿದ್ದು ಎಂದು ಅವರು ಹೇಳಲಿಲ್ಲವೇ?”

“ಅವರಾ ಹಾಕ್ಸಿದ್ದು?”

ತಾತಯ್ಯನವರಿಗೂ ಅದು ಗೊತ್ತಿರಲಿಲ್ಲ. ಪೊರೆ ಬಂದ ಕಣ್ಣುಗಳಿಂದ ಪಂಪನ್ನು ಒಂದು ಗಳಿಗೆ ನೋಡಿದರು. ಸನಿಕೆಯನ್ನು ನೆಲಕ್ಕಿಟ್ಟರು. ಊರೂರಿನವರು ಯಾರ ಪಾದಕ್ಕೆ ಬೀಳುತ್ತಿದ್ದರೋ ಆ ಮಹಾತ್ಮರು ಬಡಗಣ ದಿಕ್ಕಿಗೆ ತಿರುಗಿ, ದೂರದ ದೆಹಲಿಯಲ್ಲಿ ಹಾಸಿಗೆ ಹಿಡಿದು ಮಲಗಿದ್ದ ಒಬ್ಬ ಮುದುಕರಿಗೆ ತಲೆಬಾಗಿ ಕೈಮುಗಿದರು. ಅಂಥ ದೃಶ್ಯವನ್ನು ನಾನು ಮತ್ತೆ ಕಂಡಿಲ್ಲ.

ಪ್ರೊಫೆಸರರು ಮರುದಿನವೇ ಅಚ್ಚಿನ ಮನೆಯಿಂದ ಗ್ರಂಥವನ್ನು ಹಿಂದಕ್ಕೆ ತರಿಸಿಕೊಂಡರು. ಅದೇ ತಿಂಗಳು ದೆಹಲಿಗೆ ಹೋದರು. ಅಲ್ಲಿಂದ ನನಗೊಂದು ಕಾಗದ ಬರೆದಿದ್ದರು. ಆ ಹಿರಿಯರಿಗೆ ನೆನಪು ಪೂರ್ತಿ ಹೋಗಿತ್ತಂತೆ. ತಾವು ದೇಶವನ್ನು ಆಳಿದ್ದೂ ಮರೆತುಹೋಗಿತ್ತಂತೆ. ಹಾಲುಗೊಂಡನಹಳ್ಳಿಯ ಕೊನೆಯ ಹಟ್ಟಿಯಿಂದ ಬಂದಿದ್ದೇನೆ, ನಿಮ್ಮ ಪಂಪಿನ ನೀರು ಕುಡಿದೆ ಎಂದಾಗ ಬಹಳ ಹೊತ್ತು ಇವರ ಮುಖವನ್ನೇ ನೋಡಿ, ಹಿಡಿ ಗಟ್ಟಿಯಾಗಿದೆಯೇ ಎಂದು ಕೇಳಿದರಂತೆ. ಗಟ್ಟಿಯಾಗಿದೆ ಎಂದು ಇವರು ಹೇಳಿದ ಮೇಲೆ ನೆಮ್ಮದಿಯಿಂದ ಕಣ್ಣು ಮುಚ್ಚಿದರಂತೆ.

ಗ್ರಂಥ ಹೊರಬರಲು ಮತ್ತೆ ಆರು ವರ್ಷ ಹಿಡಿಯಿತು. ಆ ಆರು ವರ್ಷ ಪ್ರೊಫೆಸರರು ರಸ್ತೆ ಮುಗಿಯುವ ಊರುಗಳನ್ನು ಹುಡುಕಿಕೊಂಡು ಅಲೆದರು. ಅದರಲ್ಲಿ ಅಂಕಗಳಿಲ್ಲ. ಬಹಳ ಜನ ಓದಿಲ್ಲವೆಂದೂ ಕೇಳಿದ್ದೇನೆ.

ತಾತಯ್ಯನವರು ಆ ವರ್ಷ ರಾಗಿಮುದ್ದೆಯಲ್ಲೇ ಕಾಲ ಕಳೆದರು. ಕೊಯ್ಲಿನ ಹೊತ್ತಿಗೆ ಗಂಗಹನುಮಕ್ಕ ಕಣದಿಂದ ಮೊದಲ ಮೊರ ಭತ್ತವನ್ನು ಮಂಟಪಕ್ಕೆ ಹೊತ್ತುತಂದು ಸುರಿದಳು. ಶ್ರೀಗಳು ಅದನ್ನು ಬೇಡವೆನ್ನಲಿಲ್ಲ. ಮೂರು ವರ್ಷಗಳ ನಂತರ ಒಂದು ನೀರಿನ ದಿನ ಹೊಂಗೆಮರದ ಕೆಳಗೆ ಕೂತಲ್ಲಿಯೇ ದೇಹ ಬಿಟ್ಟರು. ಅವರ ಇಚ್ಛೆಯಂತೆ ಸಮಾಧಿಯೂ ಆ ಕೊನೆಯ ಗದ್ದೆಯ ಬದುವಿನಲ್ಲೇ ಇದೆ.

ಈಗಲೂ ಪ್ರತಿ ಪುಷ್ಯ ಮಾಸದಲ್ಲಿ ಪ್ರೊಫೆಸರ್ ಜಯಸಿಂಹ ಅವರು ಬರುತ್ತಾರೆ. ಬಿಸಿಲು ಮೂರನೇ ಮೆಟ್ಟಿಲಿಗೆ ಬಂದಾಗ ಗೂಟವನ್ನು ನಾಲ್ಕು ಬೆರಳು ಎತ್ತಿ, ಒಂದು ಗಳಿಗೆಯೂ ಅಲ್ಲಿ ನಿಲ್ಲದೆ ಕಾಲುವೆಯ ಬದು ಹಿಡಿಯುತ್ತಾರೆ. ಅವರಿಗೂ ಈಗ ಎಂಬತ್ತರ ಹತ್ತಿರ. ಸಮಾಧಿಯ ಪಕ್ಕದಲ್ಲಿ ಕೂತು, ಅಂಗೈಯನ್ನು ಕಾಲುವೆಯ ಒಣ ತಳಕ್ಕೆ ಒತ್ತಿ ಕಣ್ಣು ಮುಚ್ಚುತ್ತಾರೆ. ಬಹಳ ಹೊತ್ತಿನ ಮೇಲೆ “ಬಂತು” ಎನ್ನುತ್ತಾರೆ. ನಾನು ತಿರುವಿನ ಕಡೆ ನೋಡುತ್ತೇನೆ. ಏನೂ ಕಾಣುವುದಿಲ್ಲ. ಆದರೂ ಕೈಮುಗಿದು ಕಾಯುತ್ತೇನೆ.